ರೋಗದ ಭಯಕ್ಕೆ ನಿದ್ದೆಗೆಟ್ಟವರು ರಾತ್ರಿಗಳನ್ನು ಮರಳಿ ಪಡೆಯುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹಠಾತ್ತನೆ ತೀರಿಕೊಂಡ ನಂತರದ ದಿನಗಳಲ್ಲಿ, ಮತ್ತೆ 2025ರ ಮಳೆಗಾಲದಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಮೇಲೊಂದು ಬರುತ್ತಿದ್ದಾಗ, ಜಯದೇವ ಹೃದ್ರೋಗ ಆಸ್ಪತ್ರೆಗೆ ತಪಾಸಣೆಗೆಂದು ಜನ ಮುಗಿಬಿದ್ದರು. ಆ ಸಾಲುಗಳ ಚಿತ್ರ ಪತ್ರಿಕೆಗಳಲ್ಲಿ ಬಂತು; ಸಾಲಿನಲ್ಲಿ ನಿಂತವರ ಹಿಂದಿನ ರಾತ್ರಿ ಹೇಗೆ ಕಳೆದಿತ್ತೆಂಬುದು ಎಲ್ಲಿಯೂ ಬರಲಿಲ್ಲ. ನನ್ನ ತಂದೆಗೆ ಆಂಜಿಯೋಪ್ಲಾಸ್ಟಿ ಆದ ವರ್ಷ ನಾನೂ ಅಂಥ ರಾತ್ರಿಗಳನ್ನು ತಿಂಗಳುಗಟ್ಟಲೆ ಕಳೆದಿದ್ದೇನೆ. ನನ್ನ ಹೃದಯದ ಪರೀಕ್ಷೆಗಳಾದ ಇಸಿಜಿ, ಎಕೋ ಎರಡೂ ಸರಿಯಾಗಿದ್ದರೂ, ದೀಪ ಆರಿಸಿದೊಡನೆ ಎಡಗೈಯ ಬೆರಳುಗಳು ಬಲಗೈಯ ನಾಡಿಯನ್ನು ತಾವಾಗಿಯೇ ಹುಡುಕುತ್ತಿದ್ದವು. ಇಲ್ಲಿ ಬರೆದಿರುವುದು ವೈದ್ಯರ ಸಲಹೆಗೆ ಬದಲಿಯಲ್ಲ. ಆ ಸಲಹೆಯನ್ನು ಪಡೆದು ಮನೆಗೆ ಬಂದ ಮೇಲೆ ರಾತ್ರಿ ಎರಡು ಗಂಟೆಗೆ ಏನು ಮಾಡಬೇಕೆಂದು ತಿಳಿಯದವರಿಗಾಗಿ ಬರೆದ ಕ್ರಮ.

ಈ ಬರಹದುದ್ದಕ್ಕೂ ಹಿಡಿದುಕೊಳ್ಳಬೇಕಾದ ಮಾತು ಒಂದೇ. ಆರೋಗ್ಯದ ಪ್ರಶ್ನೆಯನ್ನು ಹಗಲಿನಲ್ಲಿ ಇತ್ಯರ್ಥ ಮಾಡಿಕೊಳ್ಳಬೇಕು. ರಾತ್ರಿ ಹಾಸಿಗೆಯಲ್ಲಿ ಅದನ್ನು ಇತ್ಯರ್ಥ ಮಾಡಲು ಹೊರಟರೆ ಪ್ರಶ್ನೆಯೂ ಬಗೆಹರಿಯುವುದಿಲ್ಲ, ನಿದ್ದೆಯೂ ಉಳಿಯುವುದಿಲ್ಲ.

ರಾತ್ರಿಯಲ್ಲೇ ಏಕೆ ಹೀಗಾಗುತ್ತದೆ

ನಿದ್ದೆ ಬರಲು ಎರಡು ಸಂಗತಿಗಳು ಕೂಡಿಬರಬೇಕು. ಎಚ್ಚರವಾಗಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸಂಗ್ರಹವಾಗುತ್ತಾ ನಿದ್ದೆಯ ಒತ್ತಡವನ್ನು ಹೆಚ್ಚಿಸುತ್ತದೆ. ಅದರ ಜೊತೆಗೆ ಬೆಳಕು ಕತ್ತಲೆಗಳಿಗೆ ಹೊಂದಿಕೊಂಡ ದೇಹದ ಒಳಗಡಿಯಾರವು ಇಂಥ ಹೊತ್ತಿಗೆ ಮಲಗು, ಇಂಥ ಹೊತ್ತಿಗೆ ಏಳು ಎಂದು ಸೂಚಿಸುತ್ತದೆ. ಆತಂಕವು ಇವೆರಡನ್ನೂ ಅಳಿಸುವುದಿಲ್ಲ. ಅಪಾಯ ಎದುರಿಗಿದೆ ಎಂಬ ಸಂದೇಶ ಮಿದುಳಿಗೆ ತಲುಪಿದಾಗ, ಎಷ್ಟೇ ದಣಿದಿದ್ದರೂ ಅದು ಕಾವಲು ಕೂರುತ್ತದೆ, ಅಷ್ಟೆ. ‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯಲ್ಲಿ ಈ ತಿಳಿವಳಿಕೆ ಆಗಲೇ ಇದೆ: ನಿದ್ದೆಗೆಡಿಸುವುದು ಸಂತೆಯ ಗದ್ದಲವಲ್ಲ, ಒಳಗಿನ ಕಾವಲು.

ಹಗಲಿನಲ್ಲಿ ಗಮನಕ್ಕೆ ಬಾರದ ದೇಹದ ಸಣ್ಣಪುಟ್ಟ ಸದ್ದುಗಳು ರಾತ್ರಿಯ ಮೌನದಲ್ಲಿ ದೊಡ್ಡದಾಗಿ ಕೇಳಿಸುತ್ತವೆ. ಎಡಮಗ್ಗುಲಾಗಿ ಮಲಗಿದಾಗ ಹೃದಯವು ಎದೆಗೂಡಿನ ಗೋಡೆಗೆ ಹತ್ತಿರವಾಗುವುದರಿಂದ ಬಡಿತ ಸ್ಪಷ್ಟವಾಗಿ ತಿಳಿಯುತ್ತದೆ. ದಿಂಬಿಗೆ ಒತ್ತಿದ ಕಿವಿಯಲ್ಲಿ ನಾಡಿಯ ಮಿಡಿತ ಕೇಳಿಸುತ್ತದೆ. ನಿದ್ದೆಗೆ ಜಾರುವ ಹೊತ್ತಿನಲ್ಲಿ ಮೈ ಒಮ್ಮೆಲೇ ಬೆಚ್ಚಿಬಿದ್ದು ಎತ್ತರದಿಂದ ಬಿದ್ದಂತಾಗುವುದು ಬಹುಪಾಲು ಜನರಿಗೆ ಒಂದಲ್ಲ ಒಂದು ಸಲ ಆಗುವಂಥದ್ದು, ಅದು ರೋಗವಲ್ಲ. ಆರೋಗ್ಯವಂತರ ಹೃದಯವೂ ಆಗೊಮ್ಮೆ ಈಗೊಮ್ಮೆ ಒಂದು ಬಡಿತವನ್ನು ಅವಧಿಗೆ ಮುನ್ನ ಬಡಿದು, ನಂತರ ಕ್ಷಣಕಾಲ ತಡೆದು, ಜೋರಾಗಿ ಬಡಿಯುತ್ತದೆ. ಭಯದಿಂದ ಉಸಿರು ಬಿರುಸಾದರೆ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಕಡಿಮೆಯಾಗಿ ಬೆರಳ ತುದಿ, ತುಟಿಗಳ ಸುತ್ತ ಜುಮ್ಮೆನ್ನುತ್ತದೆ, ತಲೆ ಹಗುರವಾದಂತಾಗುತ್ತದೆ. ಆ ಜುಮ್ಮೆನ್ನುವಿಕೆಯನ್ನೇ ಹೊಸ ರೋಗದ ಲಕ್ಷಣವೆಂದು ತಿಳಿದರೆ ಉಸಿರು ಇನ್ನಷ್ಟು ಬಿರುಸಾಗುತ್ತದೆ. ಈ ಸುತ್ತನ್ನು ಅರ್ಥ ಮಾಡಿಕೊಳ್ಳುವುದರಿಂದಲೇ ಭಯ ಹೋಗದಿದ್ದರೂ, ಅದು ಬಂದಾಗ ಗುರುತು ಹಿಡಿಯಲು ಸಾಧ್ಯವಾಗುತ್ತದೆ.

ಮೊದಲ ಹೆಜ್ಜೆ: ದೇಹದ ಪ್ರಶ್ನೆಯನ್ನು ಒಬ್ಬ ವೈದ್ಯರ ಮುಂದೆ, ಒಮ್ಮೆ, ಪೂರ್ಣವಾಗಿ ಇಡುವುದು

ಆತಂಕವೆಂದು ತಾವೇ ತೀರ್ಮಾನಿಸಿ ವೈದ್ಯರನ್ನು ಕಾಣದಿರುವುದು ತಪ್ಪು; ಒಂದೇ ತಿಂಗಳಲ್ಲಿ ನಾಲ್ವರು ವೈದ್ಯರನ್ನು ಕಾಣುವುದೂ ತಪ್ಪು. ನಿಮ್ಮ ಕುಟುಂಬದ ವೈದ್ಯರೋ ಹತ್ತಿರದ ಎಂಬಿಬಿಎಸ್ ವೈದ್ಯರೋ ಆಗಬಹುದು, ಅಂಥ ಒಬ್ಬರನ್ನು ಆರಿಸಿಕೊಂಡು, ಹೋಗುವ ಮುನ್ನ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಏನಾಗುತ್ತದೆ, ಎಷ್ಟು ಹೊತ್ತು ಇರುತ್ತದೆ, ನಡೆದಾಗ ಅಥವಾ ಮೆಟ್ಟಿಲು ಹತ್ತಿದಾಗ ಹೆಚ್ಚುತ್ತದೆಯೇ, ಮನೆತನದಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ಏನಾಗಿತ್ತು, ಯಾವ ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದೀರಿ. ‘ನನಗೆ ಇಂಥ ರೋಗವಿದೆಯೆಂಬ ಭಯದಿಂದ ನಿದ್ದೆ ಬರುತ್ತಿಲ್ಲ’ ಎಂಬುದನ್ನೂ ಸಂಕೋಚವಿಲ್ಲದೆ ಹೇಳಿ. ಬಹಳಷ್ಟು ಜನ ಇದೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಹೇಳಿ ಬರುತ್ತಾರೆ.

ನಿದ್ದೆಗೆಡಿಸುವ ದೈಹಿಕ ಕಾರಣಗಳೂ ಇವೆ. ಥೈರಾಯಿಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಎದೆಬಡಿತ, ಬೆವರು, ನಿದ್ರಾಹೀನತೆಗಳು ಆತಂಕದಂತೆಯೇ ಕಾಣಿಸುತ್ತವೆ. ಕಬ್ಬಿಣಾಂಶ ಕಡಿಮೆಯಾದವರಿಗೆ ರಾತ್ರಿ ಕಾಲಿನಲ್ಲಿ ಏನೋ ಹರಿದಾಡಿದಂತಾಗಿ ಕಾಲು ಒದರಬೇಕೆನಿಸುವುದುಂಟು. ಹುಳಿತೇಗು ಮತ್ತು ಎದೆಯುರಿ ಮಲಗಿದಾಗ ಹೆಚ್ಚುತ್ತವೆ. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ಕಟ್ಟಿದಂತಾಗಿ ಎದ್ದು, ಹಗಲೆಲ್ಲ ತೂಕಡಿಸುವವರು ನಿದ್ರಾ ಉಸಿರುಕಟ್ಟಿನ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಸ್ಟಿರಾಯ್ಡ್ ಮಾತ್ರೆಗಳು, ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಔಷಧಗಳು, ಕೆಲವು ಉಬ್ಬಸದ ಔಷಧಗಳು ಕೂಡ ಎಚ್ಚರವನ್ನು ಹೆಚ್ಚಿಸಬಲ್ಲವು.

ವೈದ್ಯರನ್ನು ಬಿಟ್ಟು ಬರುವ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರ ಪಡೆದು ಬರೆದಿಟ್ಟುಕೊಳ್ಳಿ. ಮುಂದಿನ ತಪಾಸಣೆ ಯಾವಾಗ? ಯಾವ ಲಕ್ಷಣ ಕಂಡರೆ ತಡಮಾಡದೆ ಬರಬೇಕು? ಸಾಮಾನ್ಯವಾಗಿ ಎಲ್ಲರಿಗೂ ಅನ್ವಯಿಸುವ ಅಪಾಯದ ಚಿಹ್ನೆಗಳು ಹೀಗಿವೆ: ಎದೆಯ ನಡುವೆ ಹಿಂಡಿದಂಥ ಅಥವಾ ಭಾರ ಹೇರಿದಂಥ ನೋವು ಹಲವು ನಿಮಿಷ ಉಳಿಯುವುದು, ಅದು ಕೈ, ದವಡೆ ಅಥವಾ ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ಉಸಿರಾಟದ ಕಷ್ಟ, ಪ್ರಜ್ಞೆ ತಪ್ಪುವುದು, ಮುಖ ಒಂದು ಕಡೆ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕೈ ಅಥವಾ ಕಾಲಿನ ಶಕ್ತಿ ಕುಂದುವುದು. ಮಹಿಳೆಯರಲ್ಲಿ ಮತ್ತು ಮಧುಮೇಹಿಗಳಲ್ಲಿ ಎದೆನೋವಿಲ್ಲದೆ ಬರೀ ವಿಪರೀತ ಸುಸ್ತು, ವಾಕರಿಕೆ, ಏದುಸಿರು ಇರಬಹುದು. ಇವು ಕಂಡರೆ ಈ ಮಾರ್ಗದರ್ಶಿಯ ಯಾವ ಅಭ್ಯಾಸವನ್ನೂ ಮಾಡುತ್ತಾ ಕೂರಬಾರದು. 108ಕ್ಕೆ ಕರೆ ಮಾಡಬೇಕು. ಭಯ ಯಾವುದು, ಅಪಾಯ ಯಾವುದು ಎಂದು ನಡುರಾತ್ರಿಯಲ್ಲಿ ಹೇಗೆ ತಿಳಿಯುವುದು ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೆ: ವೈದ್ಯರು ಈಗಾಗಲೇ ಪರೀಕ್ಷಿಸಿ ಅಪಾಯವಿಲ್ಲವೆಂದ ಅದೇ ಹಳೆಯ ಅನುಭವ ಅದೇ ರೀತಿಯಲ್ಲಿ ಬಂದಿದ್ದರೆ ಮುಂದೆ ಹೇಳುವ ಕ್ರಮ ಅನುಸರಿಸಿ, ಹೊಸದಾಗಿದ್ದರೆ, ಬೇರೆ ಬಗೆಯದಾಗಿದ್ದರೆ ಅಥವಾ ಹೆಚ್ಚುತ್ತಲೇ ಹೋದರೆ, ನಾಚಿಕೆಪಡದೆ ಆಸ್ಪತ್ರೆಗೆ ಹೋಗಿ. ಹತ್ತಿರದ ತುರ್ತು ಚಿಕಿತ್ಸೆಯ ಆಸ್ಪತ್ರೆ ಯಾವುದು, ರಾತ್ರಿ ಯಾರ ವಾಹನ ಸಿಗುತ್ತದೆ ಎಂಬುದನ್ನು ಹಗಲಿನಲ್ಲೇ ಗೊತ್ತು ಮಾಡಿಕೊಂಡು ಆ ಹಾಳೆಯಲ್ಲೇ ಬರೆದು ಗೋಡೆಗೆ ಅಂಟಿಸಿಬಿಟ್ಟರೆ, ಅದೇ ಲೆಕ್ಕವನ್ನು ಪ್ರತಿ ರಾತ್ರಿ ತಲೆಯಲ್ಲಿ ಹಾಕುವ ಅಗತ್ಯ ತಪ್ಪುತ್ತದೆ.

ಎರಡನೆಯ ಹೆಜ್ಜೆ: ಪರೀಕ್ಷಿಸಿಕೊಳ್ಳುವುದನ್ನು ಕಡಿಮೆ ಮಾಡುವುದು

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಕಷ್ಟವಾದ ಹೆಜ್ಜೆ ಇದು, ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದೂ ಇದೇ. ಹಾಸಿಗೆಯ ಪಕ್ಕದಲ್ಲಿ ಬಿಪಿ ಯಂತ್ರ, ಕೈಯಲ್ಲಿ ನಾಡಿ ಎಣಿಸುವ ಗಡಿಯಾರ, ಮೊಬೈಲಿನಲ್ಲಿ ಲಕ್ಷಣಗಳ ಹುಡುಕಾಟ, ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸಿ ‘ನನ್ನ ಮುಖ ಬಿಳಿಚಿಕೊಂಡಿದೆಯಾ ನೋಡು’ ಎಂದು ಕೇಳುವುದು, ಇವೆಲ್ಲವೂ ಆ ಕ್ಷಣಕ್ಕೆ ಸಮಾಧಾನ ಕೊಡುತ್ತವೆ. ಆ ಸಮಾಧಾನ ಅರ್ಧ ಗಂಟೆಯೂ ಬಾಳುವುದಿಲ್ಲ. ಅದಕ್ಕೆ ಬದಲಾಗಿ ‘ನೋಡದಿದ್ದರೆ ಅಪಾಯವಿತ್ತು’ ಎಂಬ ಪಾಠವನ್ನು ಮಿದುಳು ಕಲಿಯುತ್ತದೆ. ಭಯದಲ್ಲಿ ಅಳೆದ ಬಿಪಿ ಹೆಚ್ಚಾಗಿಯೇ ಬರುತ್ತದೆ, ಎರಡನೆಯ ಸಲ ಅಳೆದಾಗ ಇನ್ನೂ ಹೆಚ್ಚಾಗಬಹುದು.

ಒಮ್ಮೆಲೇ ಎಲ್ಲವನ್ನೂ ಬಿಡಲು ಹೋಗಬೇಡಿ. ಬಿಪಿ ಅಥವಾ ಶುಗರ್ ನೋಡಿಕೊಳ್ಳಲೇಬೇಕಾದವರು ವೈದ್ಯರು ಹೇಳಿದ ಹೊತ್ತಿಗೆ ಹಗಲಿನಲ್ಲಿ ನೋಡಿ ಪುಸ್ತಕದಲ್ಲಿ ಬರೆಯಲಿ, ಮತ್ತು ಇನ್ಸುಲಿನ್ ತೆಗೆದುಕೊಳ್ಳುವವರು ಶುಗರ್ ಇಳಿದ ಲಕ್ಷಣ ಕಂಡರೆ ರಾತ್ರಿಯಾದರೂ ನೋಡಲೇಬೇಕು. ಉಳಿದವರು ಯಂತ್ರವನ್ನು ಮನೆಯವರ ಕೈಗೆ ಕೊಟ್ಟು ಬೇರೆ ಕೋಣೆಯ ಬೀರುವಿನಲ್ಲಿಡಿಸಿ, ಗಡಿಯಾರವನ್ನು ಬಿಚ್ಚಿ ಮಲಗಲಿ. ನಾಡಿ ನೋಡಿಕೊಳ್ಳಬೇಕೆನಿಸಿದಾಗ ಹತ್ತು ನಿಮಿಷ ಮುಂದೂಡಿ. ಮರುವಾರ ಇಪ್ಪತ್ತು ನಿಮಿಷ. ಆ ತವಕ ಏರಿ, ಒಂದು ಮಟ್ಟಕ್ಕೆ ನಿಂತು, ತಾನಾಗಿಯೇ ಇಳಿಯುವುದನ್ನು ನಾಲ್ಕಾರು ಸಲ ಕಂಡ ಮೇಲೆ ಅದರ ಬಿಗಿ ಸಡಿಲವಾಗುತ್ತದೆ. ಸಂಜೆಯ ನಂತರ ರೋಗದ ಹೆಸರನ್ನು ಮೊಬೈಲಿನಲ್ಲಿ ಹುಡುಕುವುದನ್ನು ಮಾತ್ರ ಪೂರ್ತಿಯಾಗಿ ನಿಲ್ಲಿಸಬೇಕು, ಹಠಾತ್ ಸಾವಿನ ವಿಡಿಯೊಗಳು ಬರುವ ವಾಟ್ಸಾಪ್ ಗುಂಪುಗಳಿಂದ ಹೊರಬರಬೇಕು.

ಮೂರನೆಯ ಹೆಜ್ಜೆ: ಚಿಂತೆಗೆ ಹಗಲಿನಲ್ಲೊಂದು ಹೊತ್ತು

ಚಿಂತಿಸಬೇಡವೆಂದು ಮನಸ್ಸಿಗೆ ಹೇಳಿದರೆ ಅದು ಕೇಳುವುದಿಲ್ಲ, ಆದರೆ ‘ಈಗಲ್ಲ, ನಾಳೆ ಸಂಜೆ’ ಎಂದರೆ ಅಭ್ಯಾಸದಿಂದ ಕೇಳುತ್ತದೆ. ಚಿಂತೆಗೆ ನಿಗದಿತ ಸಮಯ ಮತ್ತು ಸ್ಥಳ ಗೊತ್ತುಪಡಿಸುವ ಈ ವಿಧಾನವನ್ನು ಮನೋವಿಜ್ಞಾನಿ ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದರು. ಮಲಗುವುದಕ್ಕೆ ಕನಿಷ್ಠ ಮೂರು ಗಂಟೆ ಮೊದಲು, ಉದಾಹರಣೆಗೆ ಸಂಜೆ ಆರಕ್ಕೆ, ಮಲಗುವ ಕೋಣೆಯಲ್ಲದ ಕಡೆ ಇಪ್ಪತ್ತು ನಿಮಿಷ ಕುಳಿತು ಬರೆಯಿರಿ. ಹಾಳೆಯ ಎಡಗಡೆ ಚಿಂತೆ, ಬಲಗಡೆ ಅದಕ್ಕೆ ಮಾಡಬಹುದಾದ ಮುಂದಿನ ಕೆಲಸ. ‘ಅಪ್ಪನಿಗಾದಂತೆ ನನಗೂ ಆದರೆ?’ ಎಂಬುದರ ಎದುರು ‘ಶನಿವಾರ ಕೊಲೆಸ್ಟರಾಲ್ ಪರೀಕ್ಷೆ, ನಾಳೆಯಿಂದ ಅರ್ಧ ಗಂಟೆ ನಡಿಗೆ’ ಎಂದು ಬರೆಯಬಹುದು. ಏನೂ ಮಾಡಲಾಗದ ಚಿಂತೆಯಾಗಿದ್ದರೆ ‘ಇದಕ್ಕೆ ಇವತ್ತು ಮಾಡುವ ಕೆಲಸವಿಲ್ಲ’ ಎಂದೇ ಬರೆಯಿರಿ. ಹಾಗೆ ಬರೆಯುವುದು ಮೊದಮೊದಲು ನಿರರ್ಥಕವೆನಿಸಿದರೂ, ಎರಡು ವಾರಗಳ ಹಾಳೆಗಳನ್ನು ಒಟ್ಟಿಗೆ ಓದಿದಾಗ ಅವೇ ಮೂರು ನಾಲ್ಕು ಚಿಂತೆಗಳು ಮತ್ತೆ ಮತ್ತೆ ಬಂದಿರುವುದು ಕಣ್ಣಿಗೆ ಬೀಳುತ್ತದೆ. ಮಲಗುವ ಮುನ್ನ ಐದು ನಿಮಿಷ ನಾಳೆಯ ಕೆಲಸಗಳ ಪಟ್ಟಿಯನ್ನು ವಿವರವಾಗಿ ಬರೆದವರು, ಮುಗಿದ ಕೆಲಸಗಳನ್ನು ಬರೆದವರಿಗಿಂತ ಸರಾಸರಿ 9 ನಿಮಿಷ ಬೇಗ ನಿದ್ದೆ ಹೋದರೆಂದು 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ಒಂದು ಸಣ್ಣ ಅಧ್ಯಯನ ತೋರಿಸಿದೆ.

ನಾಲ್ಕನೆಯ ಹೆಜ್ಜೆ: ಹಾಸಿಗೆಗೂ ಎಚ್ಚರಕ್ಕೂ ಬಿದ್ದ ಗಂಟನ್ನು ಬಿಡಿಸುವುದು

ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಹೊರಳಾಡಿದವರಿಗೆ ಹಾಸಿಗೆಯೇ ಭಯದ ಸೂಚನೆಯಾಗಿಬಿಟ್ಟಿರುತ್ತದೆ. ಹಾಲಿನಲ್ಲಿ ಟಿವಿ ಮುಂದೆ ಜೋಂಪು ಹತ್ತಿ, ಎದ್ದು ಹಾಸಿಗೆಗೆ ಬಂದೊಡನೆ ಕಣ್ಣು ತೆರೆದುಕೊಳ್ಳುವುದು ಇದೇ ಕಾರಣಕ್ಕೆ. ಇದನ್ನು ಬಿಡಿಸುವ ಕ್ರಮವನ್ನು ಮನೋವಿಜ್ಞಾನಿ ರಿಚರ್ಡ್ ಬೂಟ್ಜಿನ್ 1972ರಲ್ಲಿ ರೂಪಿಸಿದರು, ಇಂದಿಗೂ ಅದೇ ಚಿಕಿತ್ಸೆಯ ಬೆನ್ನೆಲುಬಾಗಿದೆ. ನಿದ್ದೆ ಎಳೆಯುತ್ತಿರುವಾಗ ಮಾತ್ರ ಮಲಗಬೇಕು. ಹಾಸಿಗೆಯಲ್ಲಿ ಮೊಬೈಲು, ಊಟ, ಲೆಕ್ಕಪತ್ರ, ಮನೆಯ ಜಗಳ ಯಾವುದೂ ಕೂಡದು. ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಹೊರಬರಬೇಕು. ಗಡಿಯಾರ ನೋಡಬಾರದು, ಅಂದಾಜು ಸಾಕು. ಮತ್ತೆ ತೂಕಡಿಕೆ ಬಂದಾಗ ಹಿಂತಿರುಗಬೇಕು, ಬಾರದಿದ್ದರೆ ಮತ್ತೆ ಏಳಬೇಕು. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಒಂದೇ ಹೊತ್ತಿಗೆ ಏಳಬೇಕು.

ಎದ್ದು ಎಲ್ಲಿಗೆ ಹೋಗುವುದು ಎಂಬುದು ನಮ್ಮ ಮನೆಗಳಲ್ಲಿ ನಿಜವಾದ ಪ್ರಶ್ನೆ. ಒಂದೇ ಕೋಣೆಯಲ್ಲಿ ನಾಲ್ಕು ಜನ ಚಾಪೆ ಹಾಸಿ ಮಲಗುವ ಮನೆಯಲ್ಲಿ ಇನ್ನೊಂದು ಕೋಣೆ ಇರುವುದಿಲ್ಲ. ಆಗ ಮಲಗುವ ಜಾಗದಿಂದ ಎದ್ದು ಅಡುಗೆಮನೆಯ ಮಣೆಯ ಮೇಲೋ ಗೋಡೆಗೊರಗಿ ಒಂದು ಮೂಲೆಯಲ್ಲೋ ಕುಳಿತರೂ ಸಾಕು. ಮುಖ್ಯವಾದದ್ದು ಮಲಗುವ ಜಾಗವನ್ನು ಬಿಡುವುದು. ಕೈಗೆ ಕೆಲಸವಿದ್ದು ತಲೆಗೆ ಕೆಲಸವಿಲ್ಲದಂಥದ್ದನ್ನು ಮಂದ ಬೆಳಕಿನಲ್ಲಿ ಮಾಡಿ. ನನ್ನ ತಾಯಿ ದೇವರ ದೀಪಕ್ಕೆ ಬತ್ತಿ ಹೊಸೆಯುವುದನ್ನು ನನಗೆ ಕಲಿಸಿದ್ದು ಅದೇ ವರ್ಷ. ಒಗೆದ ಬಟ್ಟೆ ಮಡಿಸುವುದು, ಅವರೆಕಾಳು ಸುಲಿಯುವುದು, ಹಳೆಯ ಮಾಸಪತ್ರಿಕೆಯೊಂದರ ಪ್ರವಾಸಕಥನ ಓದುವುದು ಎಲ್ಲವೂ ಆದೀತು. ಫೋನ್ ಮಾತ್ರ ಆಗದು.

ಐದನೆಯ ಹೆಜ್ಜೆ: ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ಕುಗ್ಗಿಸುವುದು

ನಿದ್ದೆ ಬಾರದವರು ಬೇಗ ಮಲಗಿ ತಡವಾಗಿ ಏಳುತ್ತಾರೆ. ಇದರಿಂದ ನಿದ್ದೆ ತೆಳುವಾಗಿ ಹರಡಿಕೊಳ್ಳುತ್ತದೆ. ಮನೋವಿಜ್ಞಾನಿ ಆರ್ಥರ್ ಸ್ಪೀಲ್‌ಮನ್ 1987ರಲ್ಲಿ ವಿವರಿಸಿದ ಕ್ರಮ ಇದಕ್ಕೆ ತದ್ವಿರುದ್ಧವಾದದ್ದು. ಎರಡು ವಾರ ನಿದ್ದೆಯ ದಿನಚರಿ ಬರೆಯಿರಿ: ಮಲಗಿದ್ದು, ಅಂದಾಜು ನಿದ್ದೆ ಹತ್ತಿದ್ದು, ನಡುವೆ ಎಚ್ಚರವಿದ್ದದ್ದು, ಎದ್ದದ್ದು. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಒಂಬತ್ತು ಗಂಟೆ ಮಲಗಿದ್ದು, ನಿದ್ದೆ ಸರಾಸರಿ ಐದೂವರೆ ಗಂಟೆ ಬಂದಿದೆ ಎಂದಿಟ್ಟುಕೊಳ್ಳೋಣ. ಅದಕ್ಕೆ ಅರ್ಧ ಗಂಟೆ ಸೇರಿಸಿ ಆರು ಗಂಟೆಯ ಅವಧಿಯನ್ನು ಗೊತ್ತುಮಾಡಿ: ರಾತ್ರಿ 12ಕ್ಕೆ ಮಲಗಿ 6ಕ್ಕೆ ಏಳುವುದು. ಈ ಅವಧಿಯ ಶೇ. 85ರಷ್ಟು, ಅಂದರೆ ಐದು ಗಂಟೆಗಿಂತ ತುಸು ಹೆಚ್ಚು ಹೊತ್ತು, ಒಂದು ವಾರ ನಿದ್ದೆ ಬಂದರೆ 15 ನಿಮಿಷ ಬೇಗ, ಅಂದರೆ 11.45ಕ್ಕೆ ಮಲಗಿ. ಹೀಗೆ ವಾರವಾರ ಹೆಚ್ಚಿಸುತ್ತಾ ಹೋಗಿ. ಐದು ಗಂಟೆಗಿಂತ ಕಡಿಮೆಗೆ ಎಂದೂ ಇಳಿಸಬೇಡಿ.

ಮೊದಲ ಎರಡು ವಾರ ಹಗಲಿನಲ್ಲಿ ತೂಕಡಿಕೆ ಹೆಚ್ಚುತ್ತದೆ, ಸಿಡುಕು ಬರುತ್ತದೆ. ಬಹುಪಾಲು ಜನ ಇಲ್ಲಿಯೇ ಕೈಬಿಡುತ್ತಾರೆ. ತೂಕಡಿಕೆ ಇರುವ ಆ ದಿನಗಳಲ್ಲಿ ದೂರದ ವಾಹನ ಚಾಲನೆ ಬೇಡ. ಬಸ್ಸು ಲಾರಿ ಓಡಿಸುವವರು, ಯಂತ್ರಗಳ ಮೇಲೆ ಕೆಲಸ ಮಾಡುವವರು, ಮೂರ್ಛೆರೋಗ ಅಥವಾ ಬೈಪೋಲಾರ್ ಕಾಯಿಲೆ ಇರುವವರು, ಗರ್ಭಿಣಿಯರು ವೈದ್ಯರ ನಿಗಾ ಇಲ್ಲದೆ ಈ ಹೆಜ್ಜೆಗೆ ಕೈಹಾಕಬಾರದು. ಉಳಿದ ಹೆಜ್ಜೆಗಳು ಅವರಿಗೂ ಸಲ್ಲುತ್ತವೆ. ನಾಲ್ಕನೆಯ ಮತ್ತು ಐದನೆಯ ಹೆಜ್ಜೆಯ ಕ್ರಮಗಳೆರಡೂ ಸೇರಿರುವ, ಯೋಚನೆ ಮತ್ತು ಅಭ್ಯಾಸಗಳನ್ನು ತಿದ್ದುವ, ನಿದ್ರಾಹೀನತೆಗೆಂದೇ ರೂಪಿಸಿದ ಅರಿವು–ವರ್ತನೆ ಚಿಕಿತ್ಸೆಯನ್ನೇ ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಕೊಡಬೇಕೆಂದು ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಶಿಫಾರಸು ಮಾಡಿತು.

ಭಯ ಎದ್ದುನಿಂತ ಆ ಹೊತ್ತಿನಲ್ಲಿ

ಎಚ್ಚರವಾಗಿ ಎದೆ ಡವಗುಟ್ಟುತ್ತಿದೆ. ಮೊದಲು ಗೋಡೆಯ ಹಾಳೆಯನ್ನು ನೆನೆಯಿರಿ: ಇದು ಹಳೆಯ ಅನುಭವವೇ, ಹೊಸದೇ? ಹಳೆಯದೆಂದು ತಿಳಿದ ಮೇಲೆ ಅದನ್ನು ಮತ್ತೆ ಸಾಬೀತುಪಡಿಸಲು ಹೊರಡಬೇಡಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದು, ಆರೇಳು ಎಣಿಸುವಷ್ಟು ನಿಧಾನವಾಗಿ ಹೊರಬಿಡಿ. ಆಳವಾಗಿ ಎಳೆಯುವುದಕ್ಕಿಂತ ಉದ್ದವಾಗಿ ಬಿಡುವುದು ಮುಖ್ಯ, ಏಕೆಂದರೆ ಹೊರಬಿಡುವ ಉಸಿರಿನಲ್ಲಿ ಹೃದಯದ ಬಡಿತ ಸಹಜವಾಗಿ ತಗ್ಗುತ್ತದೆ. ಐದು ನಿಮಿಷ ಹೀಗೆ ಮಾಡಿದ ಮೇಲೆ ಪಾದದಿಂದ ಹಣೆಯವರೆಗೆ ಒಂದೊಂದೇ ಭಾಗವನ್ನು ಬಿಗಿಹಿಡಿದು ಸಡಿಲಿಸಿ. ನಿದ್ದೆ ಬರಿಸಲೆಂದು ಇದನ್ನು ಮಾಡಬೇಡಿ. ನಿದ್ದೆ ಬಂತೇ ಎಂದು ನಡುನಡುವೆ ಇಣುಕಿ ನೋಡಿದರೆ ಕಾವಲು ಮುಂದುವರಿಯುತ್ತದೆ. ‘ಮಲಗಲೇಬೇಕು’ ಎಂಬ ಹಠ ಹೆಚ್ಚಿದ ದಿನ ಬೇಕೆಂದೇ ಕಣ್ಣು ತೆರೆದು ಕತ್ತಲಲ್ಲಿ ಸುಮ್ಮನೆ ಎಚ್ಚರವಾಗಿರಲು ಪ್ರಯತ್ನಿಸಿ. ಚಿಕಿತ್ಸಕರೂ ಬಳಸುವ ವಿಧಾನವಿದು, ನನಗಂತೂ ಹಲವು ರಾತ್ರಿ ರೆಪ್ಪೆಗಳು ತಾವಾಗಿಯೇ ಭಾರವಾದವು.

ನಿದ್ದೆಗೆಟ್ಟದ್ದರಿಂದಲೇ ಹೃದಯ ಕೆಡುತ್ತದೆಂಬ ಹೊಸ ಭಯವೊಂದು ಇದರ ಜೊತೆಗೆ ಹುಟ್ಟಿಕೊಳ್ಳುತ್ತದೆ. ಒಂದು ರಾತ್ರಿ ನಿದ್ದೆಯಿಲ್ಲದೆ ಕಳೆದರೆ ಮರುದಿನ ದಣಿವಾಗುತ್ತದೆ, ಮುಂದಿನ ರಾತ್ರಿ ನಿದ್ದೆಯ ಒತ್ತಡ ಹೆಚ್ಚುತ್ತದೆ. ಒಂದು ರಾತ್ರಿಯ ಲೆಕ್ಕದಿಂದ ಆಯಸ್ಸನ್ನು ಅಳೆಯಬೇಡಿ.

ಕಾಫಿ, ಊಟ, ಮಾತ್ರೆ

ಕೆಫೀನ್ ಅಡೆನೊಸಿನ್‌ನ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ, ಕುಡಿದ ಐದಾರು ಗಂಟೆಗಳ ನಂತರವೂ ಅದರ ಅರ್ಧದಷ್ಟು ದೇಹದಲ್ಲಿರುತ್ತದೆ. ಆದ್ದರಿಂದ ಮಧ್ಯಾಹ್ನದ ನಂತರ ಫಿಲ್ಟರ್ ಕಾಫಿಯನ್ನೂ ಸಂಜೆಯ ಗಟ್ಟಿ ಚಹಾವನ್ನೂ ಬಿಡುವುದು ಒಳ್ಳೆಯದು. ರಾತ್ರಿಯೂಟ ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲು ಮುಗಿಯಲಿ. ಮದ್ಯ ಬೇಗ ಮಂಪರು ತಂದರೂ ರಾತ್ರಿಯ ಉತ್ತರಾರ್ಧದ ನಿದ್ದೆಯನ್ನು ಒಡೆಯುತ್ತದೆ, ಎದೆಬಡಿತವನ್ನೂ ಹೆಚ್ಚಿಸುತ್ತದೆ. ಬೆಳಗಿನ ಬಿಸಿಲಿನಲ್ಲಿ ಅರ್ಧ ಗಂಟೆಯ ನಡಿಗೆ ಒಳಗಡಿಯಾರವನ್ನು ಸರಿಪಡಿಸುತ್ತದೆ.

ಆತಂಕ ತಗ್ಗಿಸಿ ಮಂಪರು ತರುವ ಅಲ್ಪ್ರಜೋಲಾಮ್, ಕ್ಲೋನಾಜೆಪಾಮ್‌ನಂಥ ಮಾತ್ರೆಗಳನ್ನು ಪಕ್ಕದ ಮನೆಯವರಿಂದ ಪಡೆಯುವುದು, ಹಳೆಯ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಕೊಳ್ಳುವುದು ಅಪಾಯಕಾರಿ. ಇವು ಕೆಲವೇ ವಾರಗಳಲ್ಲಿ ಅವಲಂಬನೆ ತರಬಲ್ಲವು, ವಯಸ್ಸಾದವರಲ್ಲಿ ಬೀಳುವಿಕೆಗೆ ಕಾರಣವಾಗಬಲ್ಲವು. ಆದರೆ ಬಹುಕಾಲದಿಂದ ತೆಗೆದುಕೊಳ್ಳುತ್ತಿರುವವರು ಇದನ್ನೋದಿ ಇಂದೇ ನಿಲ್ಲಿಸಬಾರದು. ಥಟ್ಟನೆ ಬಿಟ್ಟರೆ ಫಿಟ್ಸ್ ಬರುವ ಸಂಭವವೂ ಇದೆ. ವೈದ್ಯರೊಂದಿಗೆ ಮಾತಾಡಿ ಮೆಲ್ಲನೆ ಇಳಿಸಬೇಕು.

ಮನೆಯವರಿಗೆ

‘ಏನೂ ಆಗಲ್ಲ ಸುಮ್ನೆ ಮಲ್ಕೊಳ್ರಿ, ಎಲ್ಲ ನಿಮ್ಮ ಭ್ರಮೆ’ ಎಂಬ ಮಾತು ಪ್ರೀತಿಯಿಂದಲೇ ಬರುತ್ತದೆ, ಆದರೆ ಕೇಳುವವರನ್ನು ಒಂಟಿಯಾಗಿಸುತ್ತದೆ. ಅನುಭವ ಭ್ರಮೆಯಲ್ಲ, ಎದೆ ನಿಜವಾಗಿಯೂ ಡವಗುಟ್ಟುತ್ತಿರುತ್ತದೆ. ಹತ್ತು ಸಲ ಭರವಸೆ ಕೊಡುವುದೂ ಮತ್ತೆ ಮತ್ತೆ ಪರೀಕ್ಷಿಸಿಕೊಂಡಂತೆಯೇ ಆಗುತ್ತದೆ. ‘ಭಯ ಆಗ್ತಿದೆ ಅಂತ ಗೊತ್ತು, ಡಾಕ್ಟರ್ ಹೇಳಿದ್ದನ್ನ ಬರೆದಿಟ್ಟಿದ್ದೀವಲ್ಲ, ಬನ್ನಿ ಸ್ವಲ್ಪ ಹೊತ್ತು ಹೊರಗೆ ಕೂತ್ಕೊಳ್ಳೋಣ’ ಎಂದು ಒಮ್ಮೆ ಹೇಳಿ ಜೊತೆಗೆ ಕೂರುವುದು ಹೆಚ್ಚು ಉಪಕಾರ ಮಾಡುತ್ತದೆ.

ಯಾವಾಗ ಹೊರಗಿನ ನೆರವು ಬೇಕು

ವಾರಕ್ಕೆ ಮೂರು ಅಥವಾ ಹೆಚ್ಚು ರಾತ್ರಿಗಳಂತೆ ಮೂರು ತಿಂಗಳು ನಿದ್ದೆ ಕೆಟ್ಟಿದ್ದರೆ ಅದು ದೀರ್ಘಕಾಲದ ನಿದ್ರಾಹೀನತೆ. ಅಷ್ಟು ದಿನ ಕಾಯಲೇಬೇಕೆಂದಿಲ್ಲ. ಎಲ್ಲ ಪರೀಕ್ಷೆಗಳೂ ಸರಿಯಿದ್ದರೂ ರೋಗದ ಯೋಚನೆಯೇ ದಿನವನ್ನು ತುಂಬಿಕೊಂಡಿದ್ದರೆ, ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಯಾವುದರಲ್ಲೂ ಆಸಕ್ತಿಯಿಲ್ಲದಂತಾಗಿದ್ದರೆ, ಮನೋವೈದ್ಯರನ್ನು ಕಾಣಬೇಕು. ಖಿನ್ನತೆ ಹಲವರಲ್ಲಿ ನಿದ್ದೆಗೇಡಿನ ರೂಪದಲ್ಲಿಯೇ ಮೊದಲು ಕಾಣಿಸುತ್ತದೆ. ಜಿಲ್ಲಾಸ್ಪತ್ರೆಗಳ ಮಾನಸಿಕ ಆರೋಗ್ಯ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್ ಎರಡೂ ಕಡೆ ಚಿಕಿತ್ಸೆ ದೊರೆಯುತ್ತದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಗೆ 14416ರಲ್ಲಿ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬದುಕೇ ಬೇಡವೆನಿಸಿದರೆ ಬೆಳಗಾಗುವವರೆಗೆ ಕಾಯದೆ, ಮನೆಯವರನ್ನು ಎಬ್ಬಿಸಿ, ಆ ಸಂಖ್ಯೆಗೆ ಕರೆ ಮಾಡಿ.

ಈ ಕ್ರಮವನ್ನು ಆರೆಂಟು ವಾರ ಬಿಡದೆ ನಡೆಸಿ. ನಾಲ್ಕು ರಾತ್ರಿ ಚೆನ್ನಾಗಿ ಮಲಗಿದ ಮೇಲೆ ಐದನೆಯ ರಾತ್ರಿ, ಪರಿಚಯದವರ ಸಾವಿನ ಸುದ್ದಿಯೊಂದು ಬಂದು, ಹಳೆಯ ಭಯ ಅಷ್ಟೇ ಬಲವಾಗಿ ಮರಳಬಹುದು. ಆ ರಾತ್ರಿ ಎದ್ದು ಕುಳಿತು ಬತ್ತಿ ಹೊಸೆಯಿರಿ. ಬೆಳಿಗ್ಗೆ ಎಂದಿನ ಹೊತ್ತಿಗೇ ಏಳಿ, ಮಧ್ಯಾಹ್ನ ಮಲಗಬೇಡಿ, ಸಂಜೆ ಆರಕ್ಕೆ ಹಾಳೆ ತೆಗೆದು ಆ ಸುದ್ದಿಯನ್ನು ಎಡಗಡೆಯಲ್ಲಿ ಬರೆಯಿರಿ.